ಸೆನೆಟರ್ ಆಡದೆ ಉಳಿಸಿದ ಮಾತು

2025ರ ಏಪ್ರಿಲಿನಲ್ಲಿ ಕೋರಿ ಬುಕರ್ ಎಂಬ ಕಪ್ಪು ಸೆನೆಟರ್ ಅಮೆರಿಕದ ಸೆನೆಟ್‌ನಲ್ಲಿ 25 ಗಂಟೆಗೂ ಹೆಚ್ಚು ಹೊತ್ತು ನಿಂತು ಮಾತಾಡಿದರು. ಅಂದು ಮುರಿದದ್ದು 1957ರ ಒಂದು ದಾಖಲೆ. ಅದು ಯಾರದ್ದೆಂದು ನೋಡಹೋದ ನಾನು ಸ್ಟ್ರಾಮ್ ಥರ್ಮಂಡ್ ಎಂಬಾತನ ಬೆನ್ನು ಹತ್ತಿ ಕೆಲವು ವಾರ ಕಳೆದೆ.

ದಕ್ಷಿಣ ಕೆರೊಲಿನಾದವನು, ಹುಟ್ಟಿದ್ದು 1902ರಲ್ಲಿ. 1954ರ ಚುನಾವಣೆಯಲ್ಲಿ ಮತಪತ್ರದಲ್ಲಿ ಆತನ ಹೆಸರೇ ಇರಲಿಲ್ಲ. ಜನ ಕೈಯಲ್ಲಿ ಹೆಸರು ಬರೆದು ಗೆಲ್ಲಿಸಿದರು. 1964ರಲ್ಲಿ ಡೆಮಾಕ್ರಟಿಕ್ ಪಕ್ಷ ಬಿಟ್ಟು ರಿಪಬ್ಲಿಕನ್ ಆದ. ಸೆನೆಟ್ ಬಿಟ್ಟದ್ದು ನೂರು ತುಂಬಿದ ಮೇಲೆ, 2003ರಲ್ಲಿ.

1957ರಲ್ಲಿ ಚರ್ಚೆಗೆ ಬಂದದ್ದು ಕಪ್ಪು ಜನರ ಮತದಾನದ ಹಕ್ಕನ್ನು ಕಾಯುವ ಮಸೂದೆ. ಅದನ್ನು ತಡೆಯಲು ಥರ್ಮಂಡ್ 24 ಗಂಟೆ 18 ನಿಮಿಷ ಮಾತಾಡಿದ. ನಡುವೆ ಶೌಚಕ್ಕೆ ಹೋಗಬೇಕಾಗದಿರಲೆಂದು ಮೊದಲೇ ಹಬೆಸ್ನಾನ ಮಾಡಿ ಮೈಯ ನೀರಿಳಿಸಿಕೊಂಡಿದ್ದನಂತೆ. ಓದಿದ್ದೇನು? ಬೇರೆ ಬೇರೆ ರಾಜ್ಯಗಳ ಚುನಾವಣಾ ಕಾನೂನುಗಳು, ಸ್ವಾತಂತ್ರ್ಯ ಘೋಷಣೆ, ವಾಷಿಂಗ್ಟನ್ನನ ವಿದಾಯದ ಮಾತು. ಆತ ಕುಳಿತ ಎರಡು ಗಂಟೆಯೊಳಗೆ ಮಸೂದೆ 60–15ರಿಂದ ಪಾಸಾಯಿತು.

ಆ ಭಾಷಣ ನನ್ನ ಮನಸ್ಸಿನಲ್ಲಿ ನಿಲ್ಲಲಿಲ್ಲ. ನಿಂತದ್ದು 1948ರದ್ದು. ಪ್ರತ್ಯೇಕತೆಯನ್ನು ಉಳಿಸಿಕೊಳ್ಳಲು ಹುಟ್ಟಿದ ಪಕ್ಷದಿಂದ ಅಧ್ಯಕ್ಷ ಪದವಿಗೆ ನಿಂತಾಗ ಆಡಿದ ಮಾತು ಅದು. ಧ್ವನಿಮುದ್ರಣ ಈಗಲೂ ಸಿಗುತ್ತದೆ. ಎಷ್ಟು ಸೈನ್ಯ ಬಂದರೂ ಕಪ್ಪು ಜನರನ್ನು ನಮ್ಮ ಥಿಯೇಟರು, ಈಜುಕೊಳ, ಮನೆ, ಚರ್ಚುಗಳ ಒಳಗೆ ಬಿಡುವಂತೆ ಮಾಡಲಾಗದು ಎಂದು ಆತ ಗುಡುಗುತ್ತಾನೆ. ಜನ ಹೋ ಎನ್ನುತ್ತಾರೆ.

ಮನೆ! ನನ್ನ ಅಜ್ಜಿಯ ಮನೆಗೆ ಕೆಲಸದ ಹೆಂಗಸು ಹಿತ್ತಿಲ ಬಾಗಿಲಿನಿಂದಲೇ ಬರುತ್ತಿದ್ದಳು, ಅವಳ ಲೋಟ ಹೊರಗೆ ಗೋಡೆಯ ಗೂಡಿನಲ್ಲಿರುತ್ತಿತ್ತು. ಇಡೀ ಮನೆಯನ್ನು ಗುಡಿಸಿ ಒರೆಸುವವಳನ್ನೇ ‘ಒಳಗೆ ಬಿಟ್ಟುಕೊಳ್ಳದ’ ಲೆಕ್ಕ ಎಂಥದ್ದೆಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿಲ್ಲ.

ಥರ್ಮಂಡನ ತಂದೆತಾಯಿಯ ಮನೆಯಲ್ಲಿ ಕೆಲಸಕ್ಕಿದ್ದ ಕ್ಯಾರಿ ಬಟ್ಲರ್ ಎಂಬ ಕಪ್ಪು ಹುಡುಗಿ 1925ರಲ್ಲಿ ಒಂದು ಹೆಣ್ಣು ಮಗು ಹೆತ್ತಳು. ಅವಳಿಗಾಗ ಹದಿನಾರು. ಮಗುವಿನ ತಂದೆ ಥರ್ಮಂಡ್. ಎಸ್ಸಿ ಮೇ ಎಂಬ ಆ ಮಗು ದೂರದ ಪೆನ್ಸಿಲ್ವೇನಿಯಾದಲ್ಲಿ ದೊಡ್ಡಮ್ಮನ ಬಳಿ ಬೆಳೆಯಿತು. ತಂದೆಯನ್ನು ಮೊದಲು ನೋಡಿದಾಗ ಅವಳಿಗೂ ಹದಿನಾರು. ಮುಂದೆ ಅವಳು ಕಪ್ಪು ವಿದ್ಯಾರ್ಥಿಗಳ ಕಾಲೇಜಿನಲ್ಲಿ ಓದುವಾಗ ಆತ ಗವರ್ನರ್. ಅಲ್ಲಿಗೂ ಹೋಗಿ ಕಾಣುತ್ತಿದ್ದ, ಖರ್ಚಿಗೆ ಹಣ ಕೊಡುತ್ತಿದ್ದ.

ಆಮೇಲೆ ಮನುಷ್ಯ ಬದಲಾದ ಎನ್ನುವವರಿದ್ದಾರೆ. 1971ರಲ್ಲಿ ತನ್ನ ಕಚೇರಿಗೆ ಕಪ್ಪು ವ್ಯಕ್ತಿಯೊಬ್ಬರನ್ನು ಸೇರಿಸಿಕೊಂಡ. 1983ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ರಜಾದಿನದ ಪರ ಮತ ಹಾಕಿದ. ನನಗೇನೋ ಇದು ಓಟಿನ ಲೆಕ್ಕ ಅನ್ನಿಸುತ್ತದೆ. ಅಷ್ಟರಲ್ಲಿ ಕಪ್ಪು ಜನರ ಕೈಗೆ ಮತಪತ್ರ ಬಂದಿತ್ತಲ್ಲ! ಹಳೆಯ ಮಾತು ತಪ್ಪೆಂದು ಆತ ಎಲ್ಲರೆದುರು ಒಪ್ಪಿಕೊಳ್ಳಲೇ ಇಲ್ಲ. ತಮಾಷೆಯೆಂದರೆ, ನೂರನೆಯ ಹುಟ್ಟುಹಬ್ಬದಲ್ಲಿ 1948ರ ಆ ಸ್ಪರ್ಧೆಯನ್ನು ಹೊಗಳಿದ ಟ್ರೆಂಟ್ ಲಾಟ್ ತನ್ನ ನಾಯಕ ಪಟ್ಟವನ್ನೇ ಕಳೆದುಕೊಂಡ. ಆಡಿದವನಿಗೆ ಏನೂ ಆಗಲಿಲ್ಲ, ಹೊಗಳಿದವನಿಗೆ ಆಯಿತು.

ನನ್ನನ್ನು ಹೆಚ್ಚು ಕಾಡುವುದು ಮಗಳ ಮೌನ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ, ತನ್ನ ಮಕ್ಕಳನ್ನು ಬೆಳೆಸಿ, ಆತ 2003ರ ಜೂನ್‌ನಲ್ಲಿ ಸಾಯುವವರೆಗೂ ಕಾದಳು. ಪ್ರೀತಿಯೋ, ಹಣದ ಮುಲಾಜೋ, ಅಂಜಿಕೆಯೋ? ಯಾವುದಾದರೂ ಒಂದನ್ನು ಆರಿಸಿಕೊಳ್ಳಲು ನನಗೆ ಮನಸ್ಸಾಗುವುದಿಲ್ಲ. ಆ ಡಿಸೆಂಬರಿನಲ್ಲಿ ತಾನು ಯಾರೆಂದು ಹೇಳಿಕೊಂಡು, ಈಗ ಪೂರ್ತಿ ಬಿಡುಗಡೆಯಾದಂತಿದೆ ಎಂದಳು. ಅವಳಿಗಾಗ 78 ವರ್ಷ. 2005ರಲ್ಲಿ ಬಂದ ಆತ್ಮಕಥೆಗೆ ಇಟ್ಟ ಹೆಸರು ‘ಡಿಯರ್ ಸೆನೆಟರ್’. ಅಪ್ಪ ಎಂಬ ಮಾತು ಹೆಸರಿನಲ್ಲೂ ಇಲ್ಲ.

ಕೊಲಂಬಿಯಾದ ಶಾಸನ ಭವನದ ಅಂಗಳದಲ್ಲಿ ಥರ್ಮಂಡನ ಪ್ರತಿಮೆಯಿದೆ. ಅದರ ಕಲ್ಲಿನ ಪೀಠದಲ್ಲಿ ‘ನಾಲ್ಕು ಮಕ್ಕಳ ತಂದೆ’ ಎಂದು ಕೊರೆದಿದ್ದರು. 2004ರಲ್ಲಿ ರಾಜ್ಯದ ಶಾಸಕರು ಒಪ್ಪಿಗೆ ಕೊಟ್ಟ ಮೇಲೆ ನಾಲ್ಕನ್ನು ಐದು ಮಾಡಿ ಎಸ್ಸಿ ಮೇ ಹೆಸರನ್ನೂ ಕೆತ್ತಿದರು. ಐವರಲ್ಲಿ ಅವಳೇ ಹಿರಿಯಳು.