ಐದು ಜನ, ಒಂದು ಶೀಟ್

ಲೆಕ್ಕದ ಪುಸ್ತಕದಲ್ಲಿ ತಪ್ಪು ಬಿದ್ದರೆ ಅದನ್ನು ಅಳಿಸಬಾರದು, ತಿದ್ದುಪಡಿ ನಮೂದು ಹಾಕಬೇಕು ಎಂದು ಅಕೌಂಟೆನ್ಸಿ ತರಗತಿಯಲ್ಲಿ ಕಲಿಯುತ್ತೇವೆ. ಈ ನಿಯಮ ಏಕೆ ಬೇಕು ಎಂದು ನನಗೆ ನಿಜವಾಗಿ ತಿಳಿದದ್ದು ನಾವು ಐದು ಜನ ಸೇರಿ ಬರೆದ ಒಂದು ಗೂಗಲ್ ಶೀಟ್‌ನಿಂದ.

ವಾಣಿಜ್ಯ ವಿಭಾಗದ ಮೇಳದಲ್ಲಿ ನಮ್ಮ ತಂಡ ಸಮೋಸ ಮತ್ತು ಶರಬತ್ತಿನ ಅಂಗಡಿ ಹಾಕಿತ್ತು. ಖರೀದಿ, ಮಾರಾಟ ಎಲ್ಲವನ್ನೂ ಐವರೂ ತಮ್ಮ ತಮ್ಮ ಮೊಬೈಲಿನಿಂದ ಒಂದೇ ಶೀಟ್‌ಗೆ ತುಂಬುತ್ತಿದ್ದೆವು. ಸಂಜೆ ಲೆಕ್ಕ ಹಾಕಿದಾಗ ಶೀಟ್ ತೋರಿಸಿದ್ದಕ್ಕಿಂತ ಗಲ್ಲಾ ಪೆಟ್ಟಿಗೆಯಲ್ಲಿ 1,305 ರೂಪಾಯಿ ಕಡಿಮೆ ಇತ್ತು. ಪೆಟ್ಟಿಗೆ ಇದ್ದದ್ದು ಒಬ್ಬ ಗೆಳತಿಯ ಹತ್ತಿರ. ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಒಬ್ಬಿಬ್ಬರ ಕಣ್ಣು ಅವಳತ್ತ ತಿರುಗಿತು. ಅವಳು ಮಾತಿಲ್ಲದೆ ತನ್ನ ಬ್ಯಾಗನ್ನು ಮೇಜಿನ ಮೇಲೆ ಸುರಿದಳು. ಪುಸ್ತಕ, ಟಿಫಿನ್ ಡಬ್ಬಿ, ಬಸ್ ಪಾಸ್, ಅಷ್ಟೇ.

ಆಗ ನಮ್ಮ ಸರ್ ಬಂದು, "ವ್ಯತ್ಯಾಸವನ್ನು 9ರಿಂದ ಭಾಗಿಸಿ" ಎಂದರು. ಅಂಕಿಗಳು ಅದಲುಬದಲಾದರೆ ಅಥವಾ ಕೊನೆಯ ಸೊನ್ನೆ ಬಿಟ್ಟುಹೋದರೆ ವ್ಯತ್ಯಾಸ 9ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಉತ್ತರ ಬಂದದ್ದು 145. ಶೀಟ್‌ನಲ್ಲಿ ಎಣ್ಣೆ, ಮೈದಾ ಖರೀದಿಯ ಮುಂದೆಯೂ 145 ಎಂದೇ ಇತ್ತು. ಕಂಪ್ಯೂಟರಿನಲ್ಲಿ ಆ ಕೋಶದ ಮೇಲೆ ರೈಟ್ ಕ್ಲಿಕ್ ಮಾಡಿ 'ಶೋ ಎಡಿಟ್ ಹಿಸ್ಟರಿ' ತೆರೆದೆವು. ಬೆಳಿಗ್ಗೆ 1,450 ಇದ್ದದ್ದು ಮಧ್ಯಾಹ್ನ 145 ಆಗಿತ್ತು. ಬದಲಾಯಿಸಿದವರ ಹೆಸರೂ ಅಲ್ಲೇ ಇತ್ತು. ಗದ್ದಲದಲ್ಲಿ ಅವನ ಬೆರಳು ತಾಗಿ ಒಂದು ಸೊನ್ನೆ ಹೋಗಿತ್ತು. ಅವನು ಎಲ್ಲರೆದುರು ಅವಳ ಕ್ಷಮೆ ಕೇಳಿದ.

ನಮ್ಮ ಮನೆಯಲ್ಲಿ ಉರ್ದು ಮಾತು. ಅಂಗಡಿಯ ಖಾತೆ ಬರೆಯುವಾಗ ಅಬ್ಬಾ ಆಗಾಗ ಹೇಳುವ ಗಾದೆ, "ಹಿಸಾಬ್ ಜೌ ಜೌ, ಬಖ್ಶಿಶ್ ಸೌ ಸೌ." ಕೊಡುವಾಗ ನೂರು ನೂರು ಕೊಡು, ಆದರೆ ಲೆಕ್ಕ ಜವೆಗೋಧಿಯ ಒಂದೊಂದು ಕಾಳಿನಷ್ಟೂ ಸರಿ ಇರಲಿ ಎಂದು ಅರ್ಥ. ಇದು ಜಿಪುಣರ ಮಾತು ಎಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಲೆಕ್ಕ ಸರಿ ಇದ್ದರೆ ಉಳಿಯುವುದು ಹಣ ಮಾತ್ರವಲ್ಲ, ಒಬ್ಬರ ಮಾನವೂ ಹೌದು.

ಆಮೇಲೆ ನಮ್ಮ ತಂಡ ಕೆಲವು ಕಟ್ಟಳೆ ಮಾಡಿಕೊಂಡಿತು. ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಬೇರೆಯವರ ಅಂಕಿ ತಪ್ಪೆನಿಸಿದರೆ ಮುಟ್ಟದೆ ಕಮೆಂಟ್ ಬರೆಯಬೇಕು, ಬರೆದವರೇ ತಿದ್ದಬೇಕು. ಒಟ್ಟು ಮೊತ್ತದ ಕೋಶಗಳನ್ನು ಡೇಟಾ ಮೆನುವಿನ 'ಪ್ರೊಟೆಕ್ಟ್' ಆಯ್ಕೆಯಿಂದ ಭದ್ರ ಮಾಡಬೇಕು. ನೋಡಿದರೆ ಸಾಕು ಎನ್ನುವವರಿಗೆ 'ವ್ಯೂವರ್' ಅನುಮತಿ ಸಾಕು, ಎಲ್ಲರಿಗೂ 'ಎಡಿಟರ್' ಬೇಡ. ಪ್ರತಿ ಬಿಲ್ಲಿನ ಫೋಟೋ ಇರಲೇಬೇಕು.

ಸ್ನೇಹಿತರೇ, ಪ್ರಾಜೆಕ್ಟ್‌ಗಾಗಿ ನೀವೂ ಗುಂಪಿನಲ್ಲಿ ಒಂದೇ ಫೈಲಿನಲ್ಲಿ ಬರೆಯುತ್ತಿರಬಹುದು. ಲೆಕ್ಕ ತಪ್ಪಿದರೆ ಮೊದಲು ಫೈಲಿನ ಇತಿಹಾಸ ತೆರೆದು ನೋಡಿ. ಗೆಳೆಯರ ಮುಖ ನೋಡುವ ಮೊದಲು ಅದನ್ನು ನೋಡಿ. ಅಂದು ಪೆಟ್ಟಿಗೆ ಹಿಡಿದಿದ್ದ ಗೆಳತಿ ಈ ವರ್ಷವೂ ನಮ್ಮ ತಂಡದ ಖಜಾಂಚಿ.