ಗೂಟಕ್ಕೊಂದು ಟೊಪಗಿ

ದೇವಣಗಾಂವದ ಭೀಮಾ ದಂಡೆಯ ಎರೆಹೊಲಕ್ಕೆ ಬೇಲಿ ಅಂದರೆ ಜಾಲಿ ಗೂಟ ನೆಟ್ಟು ಮುಳ್ಳುತಂತಿ ಎಳೆಯುವುದು, ಇಲ್ಲವೇ ಒಣಮುಳ್ಳು ಒಟ್ಟುವುದು. ತಂತಿ ಬಿಗಿದರೆ ಉಳಿದವರಿಗೆ ಕೆಲಸ ಮುಗಿಯಿತು. ನನ್ನ ಕೆಲಸ ಆಗ ಶುರುವಾಗುತ್ತದೆ. ಒಂದೊಂದು ಗೂಟದ ನೆತ್ತಿ ಸವರಿ ನೋಡಿ, ಅದಕ್ಕೊಪ್ಪುವ ಟೊಪಗಿ ಹುಡುಕಿ ಕೂಡಿಸುವ ಸುಖ ನನಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯಾಗುವ ಸೀಮೆಯಲ್ಲಿ ಗೂಟಕ್ಕೇಕೆ ಟೊಪಗಿ ಅಂತ ಕೇಳುತ್ತಾರೆ. ಮಳೆಗಿಂತ ಮುಂಚೆ ಬಿಸಿಲಿದೆಯಲ್ಲ! 40 ಡಿಗ್ರಿ ದಾಟಿದ ಬ್ಯಾಸಗಿಗೆ ಗೂಟದ ನೆತ್ತಿ ಸೀಳು ಬಿಡುತ್ತದೆ, ಮುಂಗಾರಿನ ನೀರು ಆ ಸೀಳಿನಲ್ಲೇ ಇಳಿಯುತ್ತದೆ. ಮೈಯಿಂದ ಇಂಗುವುದಕ್ಕಿಂತ ಕಡಿದ ತುದಿಯಿಂದ ನೀರು ಹತ್ತು ಪಟ್ಟು ಬೇಗ ಇಂಗುತ್ತದೆ, ನಾರು ನಿಂತ ದಿಕ್ಕೇ ಅದಕ್ಕೆ ದಾರಿ. ಕಟ್ಟಿಗೆಯ ತೇವ ನೂರಕ್ಕೆ 20ರೊಳಗೆ ಉಳಿದರೆ ಕೊಳೆಸುವ ಬೂಸ್ಟು ಹತ್ತುವುದಿಲ್ಲ. ಬುಡ ಮೊದಲು ಕೊಳೆಯುವುದು ನಿಜ. ಅದಕ್ಕೇ ಬುಡ ಸುಟ್ಟು ಡಾಂಬರು ಬಳಿಯುತ್ತೇವೆ. ನೆತ್ತಿಯ ನೆನಪು ಯಾರಿಗೂ ಆಗುವುದಿಲ್ಲ.

ಟೊಪಗಿಯ ಆಯ್ಕೆ ಗೂಟವನ್ನೇ ನೋಡಿ ಆಗಬೇಕು. ಸೊಟ್ಟ, ಸಣ್ಣ ಗೂಟಕ್ಕೆ ಎಣ್ಣೆ ಡಬ್ಬಿಯ ತಗಡು ಸಾಕು. ಕತ್ತರಿಸಿ, ಅಂಚು ಮಡಿಚಿ, ಬಡಿದರೆ ಎಂಥ ತಲೆಗೂ ಹೊಂದುತ್ತದೆ. ಬಾಗಿಲಿನ ದಪ್ಪ ಗೂಟಗಳಿಗೆ ನಾನು ಬಯಸುವುದು ತಾಳಿಕೋಟಿ ಕಡೆಯ ಪರ್ಸಿ ತುಂಡು. ಪದರು ಪದರಾಗಿ ಬಿಚ್ಚುವ ಆ ಸುಣ್ಣದ ಕಲ್ಲು ತನ್ನ ಭಾರದಿಂದಲೇ ಕೂತಿರುತ್ತದೆ. ತಾಮ್ರ ಚೆಲುವಾದದ್ದು, ಮಳೆ ಉಂಡು ಹಸಿರಾಗುತ್ತ ಹೋಗುತ್ತದೆ. ಆದರೆ ಅದಕ್ಕೆ ಕಬ್ಬಿಣದ ಮೊಳೆ ಹೊಡೆಯಬಾರದು, ಮೊಳೆ ಬೇಗ ತುಕ್ಕು ತಿನ್ನುತ್ತದೆ. ಜಾಲಿಯಲ್ಲಿ ತೊಗಲು ಹದಮಾಡುವ ಒಗರು ಇರುವುದರಿಂದ ಬರಿ ಕಬ್ಬಿಣ ತಾಗಿದಲ್ಲೆಲ್ಲ ಕಪ್ಪು ಇಳಿಯುತ್ತದೆ. ತಗಡಿನ ಟೊಪಗಿಗೆ ಸತು ಲೇಪಿಸಿದ ಮೊಳೆಯೇ ವಾಸಿ. ಬೋರಲು ಗಡಿಗೆ ನೋಡಲು ಚಂದ, ಗಾಳಿಗೆ ನಿಲ್ಲುವುದಿಲ್ಲ. 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿ ಬಂದಾಗ ದಂಡೆಯ ಗಡಿಗೆಗಳೆಲ್ಲ ತೇಲಿಹೋದವು, ಮೊಳೆ ಹೊಡೆದ ತಗಡು ರಾಡಿ ಮೆತ್ತಿಕೊಂಡೂ ಉಳಿದವು.

ಕೂಡಿಸುವ ಕೆಲಸದಲ್ಲೇ ನಿಜವಾದ ರುಚಿ. ಮೊದಲು ನೆತ್ತಿಯನ್ನು ಇಳಿಜಾರಾಗಿ ಕೊಯ್ಯಬೇಕು. ಮ್ಯಾಲಿನ ಟೊಪಗಿ ಹಾರಿಹೋದರೂ ನೀರು ನಿಲ್ಲಬಾರದು. ಕೊಯ್ದ ಮುಖಕ್ಕೆ ಅಗಸಿ ಎಣ್ಣೆ ಉಣಿಸಬೇಕು, ಕುಡಿಯುವುದು ನಿಲ್ಲುವತನಕ. ಮನೆಯಲ್ಲಿ ಕುಸುಬಿ ಎಣ್ಣೆಯೇ ಹೆಚ್ಚು, ಆದರೆ ಅಗಸಿಯಷ್ಟು ಬೇಗ ಅದು ಪದರಗಟ್ಟುವುದಿಲ್ಲ. ಟೊಪಗಿಯ ಅಂಚು ಗೂಟದಿಂದ ಅರ್ಧ ಇಂಚಾದರೂ ಹೊರಗೆ ಚಾಚಬೇಕು. ಕಲ್ಲಾದರೆ ಅಡಿಯ ಅಂಚಿಗೆ ಸುತ್ತ ಒಂದು ಗೀರು ಕೊರೆಯುತ್ತೇನೆ, ಹನಿ ಒಳಕ್ಕೆ ಹರಿಯದೆ ಅಲ್ಲೇ ಕಡಿದು ಬೀಳುತ್ತದೆ. ಮೊಳೆ ಯಾವತ್ತೂ ಪಕ್ಕದಿಂದಲೇ, ಅದೂ ಮೊದಲು ತೂತು ಕೊರೆದು. ಜಾಲಿಯ ತುದಿಗೆ ನೇರ ಬಡಿದರೆ ಸೀಳುವುದು ಖಾತ್ರಿ. ಎಲ್ಲಕ್ಕಿಂತ ಮಿಗಿಲಾಗಿ ಟೊಪಗಿಯೊಳಗೆ ಗಾಳಿ ಆಡಬೇಕು. ಡಾಂಬರು ಮೆತ್ತಿ ಬಿಗಿಯಾಗಿ ಮುಚ್ಚಿದರೆ ಒಳಗಿನ ತೇವಕ್ಕೆ ಹೊರದಾರಿ ಇಲ್ಲದೆ ಗೂಟ ಟೊಪಗಿಯಡಿಯಲ್ಲೇ ಕೊಳೆಯುತ್ತದೆ. ನೆತ್ತಿಗೆ ನೆರಳಾಗಬೇಕು, ಉಸಿರು ಕಟ್ಟಬಾರದು.

ನಮ್ಮ ಹಿರಿಯರು ಕಂಬದ ತಲೆಯನ್ನು ಬರಿದೆ ಬಿಟ್ಟವರಲ್ಲ. ಮಾಳಿಗೆ ಮನೆಯ ಕಂಬಕ್ಕೆ ಕೆತ್ತನೆಯ ಬೋದಿಗೆ ಕೂಡಿಸಿದರು, ಕಣದ ಮೇಟಿಯ ತುದಿಗೆ ತೆನೆ ಕಟ್ಟಿದರು. ಬಯಲಲ್ಲಿ ನಿಂತು ಕಾಯುವ ಗೂಟಕ್ಕೂ ಅಷ್ಟು ಮರ್ಯಾದೆ ಸಲ್ಲಬೇಕು ಅನ್ನುವುದು ನನ್ನ ಹಟ.

ರೋಹಿಣಿ ಮಳೆಗೆ ಮುಂಚೆ ಕಬ್ಬಿನ ಹೊಲದ ಪಡುವಣ ಸಾಲು ಮುಗಿಸಬೇಕು. ಅಲ್ಲಿನ ಗೂಟಗಳು ಇನ್ನೂ ಹಸಿ. ಅವು ಒಣಗಿ ಕುಗ್ಗುವವರೆಗೆ ಬಿಗಿ ಅಳತೆ ತೆಗೆಯುವಂತಿಲ್ಲ, ಹೀಗಾಗಿ ಸದ್ಯಕ್ಕೆ ಸಡಿಲ ತಗಡನ್ನೇ ಹೊಚ್ಚುತ್ತೇನೆ. ಮೂಲೆಯ ಗೂಟಕ್ಕೆ ಮಾತ್ರ ಒಂದು ಒಳ್ಳೆಯ ಪರ್ಸಿ ಎತ್ತಿಟ್ಟಿದ್ದೇನೆ, ಅದರ ಗೀರು ಕೊರೆಯುವುದು ಬಾಕಿ ಇದೆ.