ಕ್ಷಮಿಸಿದಳು, ಆದರೆ ಒಪ್ಪಲಿಲ್ಲ

'ಬೆಳ್ಳಿ ಮೋಡ' ಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿಯೇ ಇರುತ್ತೀರಿ. 1967ರಲ್ಲಿ ತೆರೆಗೆ ಬಂದ ಕಪ್ಪು ಬಿಳುಪಿನ ಚಿತ್ರ. ಟಾಕೀಸಿನಲ್ಲಿ ನೋಡದವರು ಟಿ.ವಿ.ಯಲ್ಲಿ ನೋಡಿರಬಹುದು. ಅದೂ ಇಲ್ಲವೆಂದರೆ, ಮಧ್ಯಾಹ್ನದ ಕೆಲಸ ಮುಗಿಸಿ ಕೂತು ತ್ರಿವೇಣಿಯವರ ಕಾದಂಬರಿಯನ್ನಾದರೂ ಓದಿರುತ್ತೀರಿ. ಈ ಕತೆಯ ಮಾತು ಬಂದರೆ ಸಾಕು, ಹೆಂಗಸರಲ್ಲಿ ಎರಡು ಪಕ್ಷ ಆಗಿಬಿಡುತ್ತದೆ. "ಇಂದಿರಾ ಮಾಡಿದ್ದೇ ಸರಿ" ಅನ್ನುವವರು ಒಂದು ಕಡೆ. "ಪಾಪ, ಅವನಿಗೆ ಬುದ್ಧಿ ಬಂದಿತ್ತಲ್ಲ, ಕ್ಷಮಿಸಿಬಿಟ್ಟಿದ್ದರೆ ಏನಾಗುತ್ತಿತ್ತು?" ಅನ್ನುವವರು ಇನ್ನೊಂದು ಕಡೆ. ನೀವು ಯಾವ ಕಡೆ?

ಕತೆಯನ್ನು ಒಮ್ಮೆ ನೆನಪಿಸಿಕೊಳ್ಳೋಣ. ಇಂದಿರಾ ಮಲೆನಾಡಿನ ಎಸ್ಟೇಟಿನ ಸಾಹುಕಾರರ ಒಬ್ಬಳೇ ಮಗಳು. ಅವಳಿಗೆ ಗಂಡು ಗೊತ್ತಾಗುತ್ತದೆ. ಅಳಿಯನಾಗುವವನೆಂದು ಅವಳ ತಂದೆ ತಾವೇ ಖರ್ಚು ಹಾಕಿ ಅವನನ್ನು ಓದಲು ಅಮೆರಿಕಕ್ಕೆ ಕಳಿಸುತ್ತಾರೆ. ಹುಡುಗಿ ಕಾಯುತ್ತಾಳೆ. ಈ ನಡುವೆ ಅವಳ ತಾಯಿಗೆ ಗಂಡು ಮಗು ಹುಟ್ಟುತ್ತದೆ. ಓದು ಮುಗಿಸಿ ಬಂದವನು ಲೆಕ್ಕ ಹಾಕುತ್ತಾನೆ: ಆಸ್ತಿಗೆ ವಾರಸುದಾರ ಬಂದ, ಇನ್ನು ಈ ಹುಡುಗಿಯಿಂದ ತನಗೇನು? ಮದುವೆ ಬೇಡ ಅಂದುಬಿಡುತ್ತಾನೆ. ಆಮೇಲೆ ಅವನೇ ಬಿದ್ದು ಕಾಲು ಮುರಿದುಕೊಂಡಾಗ, ಆರೈಕೆ ಮಾಡುವವಳು ಅದೇ ಇಂದಿರಾ. ಅವಳ ಗುಣ ಆಗ ಅವನ ಕಣ್ಣಿಗೆ ಕಾಣುತ್ತದೆ, ಮನಸ್ಸು ಚುಚ್ಚುತ್ತದೆ. ಮದುವೆಯಾಗುತ್ತೇನೆ ಅನ್ನುತ್ತಾನೆ. ಅವಳು ಒಪ್ಪುವುದಿಲ್ಲ.

ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಚಿತ್ರ. ಕಲ್ಪನಾ ಇಂದಿರಾ ಆಗಿದ್ದರು, ಕಲ್ಯಾಣ್ ಕುಮಾರ್ ಆ ಗಂಡು, ಅಶ್ವತ್ಥ್ ಮತ್ತು ಪಂಡರಿಬಾಯಿ ತಂದೆತಾಯಿ. ತ್ರಿವೇಣಿಯವರು 1963ರಲ್ಲೇ, ಇನ್ನೂ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಅವರ ಇಂದಿರಾ ತೆರೆಯ ಮೇಲೆ "ಆಗುವುದಿಲ್ಲ" ಅಂದದ್ದನ್ನು ನೋಡಲು ಅವರೇ ಇರಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇಂದಿರಾ ಕ್ಷಮಿಸಲಿಲ್ಲ ಅಂತ ಹೇಳುತ್ತಾರಲ್ಲ, ನನಗೆ ಅದು ಒಪ್ಪಿಗೆಯಿಲ್ಲ. ಕೈಬಿಟ್ಟು ಹೋದವನಿಗೆ ಹೊತ್ತುಹೊತ್ತಿಗೆ ಊಟ ಔಷಧಿ ನೋಡುವುದು, ಮುಖ ಗಂಟಿಕ್ಕದೆ ಮಾತಾಡಿಸುವುದು ಕ್ಷಮೆಯಲ್ಲದೆ ಇನ್ನೇನು? ಅವನಿಗೆ ಕೆಟ್ಟದಾಗಲಿ ಅಂತ ಅವಳು ಬಯಸಲಿಲ್ಲ. ಇನ್ನೂ ಒಂದು ವಿಷಯ ಇದೆ, ಅದನ್ನು ನಾವು ಸಾಮಾನ್ಯವಾಗಿ ಮರೆತುಬಿಡುತ್ತೇವೆ. ಅವಳ ಮದುವೆ ಮುರಿದದ್ದು ತಮ್ಮ ಹುಟ್ಟಿದ ಕಾರಣಕ್ಕೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ "ಇದು ಹುಟ್ಟಿದ ಗಳಿಗೆಯೇ ಸರಿಯಿಲ್ಲ" ಅಂತ ಕೂಸನ್ನೇ ದೂರುತ್ತಾರೆ. ದುರಾಸೆ ದೊಡ್ಡವರದು, ಬೈಗುಳ ಮಗುವಿಗೆ! ಇಂದಿರಾ ಹಾಗೆ ಮಾಡುವವಳಲ್ಲ. ಯಾರ ತಪ್ಪನ್ನು ಯಾರ ಮೇಲೆ ಹಾಕಬೇಕು ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತು.

ಹಾಗಾದರೆ ಯಾಕೆ ಬೇಡ ಅಂದಳು? ಅವನ ಪಶ್ಚಾತ್ತಾಪ ಸುಳ್ಳೇ? ಸುಳ್ಳಲ್ಲ ಅಂತಲೇ ಇಟ್ಟುಕೊಳ್ಳಿ. ಆದರೆ ಸ್ವಲ್ಪ ಯೋಚನೆ ಮಾಡಿ. ಮೊದಲು ಅವಳು ಬೇಕಾಗಿದ್ದದ್ದು ಆಸ್ತಿಯ ಜೊತೆಗೆ. ಎರಡನೆಯ ಸಲ ಬೇಕಾದದ್ದು ಆರೈಕೆಯ ಜೊತೆಗೆ. ಅವನ ಕಾಲು ನೆಟ್ಟಗಿದ್ದು, ಬೇರೆ ಕಡೆಯಿಂದ ಸಿರಿವಂತರ ಸಂಬಂಧ ಬಂದಿದ್ದರೆ, ಈ ಮನೆಯ ಕಡೆ ತಿರುಗಿ ನೋಡುತ್ತಿದ್ದನೇ? ತಪ್ಪು ಮಾಡಿದವನಿಗೆ ಮನಸ್ಸು ಚುಚ್ಚುವುದು ಒಳ್ಳೆಯದೇ. ಆದರೆ ಆ ಚುಚ್ಚು ಕಡಿಮೆಯಾಗಲಿ ಅಂತ ಒಬ್ಬ ಹೆಣ್ಣು ತನ್ನ ಇಡೀ ಬಾಳನ್ನು ಔಷಧಿಯಾಗಿ ಕೊಡಬೇಕಾಗಿಲ್ಲ.

ಕ್ಷಮೆ ಬೇರೆ, ನಂಬಿಕೆ ಬೇರೆ. ಕ್ಷಮೆ ನಮ್ಮ ಮನಸ್ಸಿನೊಳಗಿನ ಕೆಲಸ, ಒಂದು ದಿನದಲ್ಲೂ ಆಗಬಹುದು. ನಂಬಿಕೆ ಹಾಗಲ್ಲ. ಅದನ್ನು ಕಳೆದವರೇ ದಿನಾ ಸ್ವಲ್ಪ ಸ್ವಲ್ಪ ಕೂಡಿಸಿಕೊಡಬೇಕು. ಒಡೆದ ಹಾಲು ಚೆಲ್ಲುವಂಥದ್ದಲ್ಲ, ಪನೀರಾಗುತ್ತದೆ, ಇನ್ನೊಂದಕ್ಕೆ ಬರುತ್ತದೆ. ಆದರೆ ಅದನ್ನು ಮತ್ತೆ ಹೆಪ್ಪು ಹಾಕಿ ಮೊಸರು ಮಾಡೋಕಾಗುತ್ತದೆಯೇ?

ಇದೇ ಮೂವರ ಇನ್ನೊಂದು ಚಿತ್ರ 'ಶರಪಂಜರ'. ಕತೆ ತ್ರಿವೇಣಿಯವರದು, ನಿರ್ದೇಶನ ಪುಟ್ಟಣ್ಣನವರದು, ನಾಯಕಿ ಕಲ್ಪನಾ. ಅಲ್ಲಿ ಇದೇ ಮಾತು ತಿರುಗುಮುರುಗಾಗಿ ಬರುತ್ತದೆ. ಕಾವೇರಿಗೆ ಬಾಣಂತನದಲ್ಲಿ ಮನಸ್ಸು ಕೆಡುತ್ತದೆ. ಮದುವೆಗೆ ಮುಂಚಿನ ಒಂದು ಹಳೆಯ ನೆನಪು ಅವಳನ್ನು ಒಳಗೊಳಗೇ ಕೊರೆಯುತ್ತಿರುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದರೆ, ಎಲ್ಲರ ಕಣ್ಣಲ್ಲೂ ಅವಳು ಇನ್ನೂ "ಹುಚ್ಚಿ"ಯೇ. ಅವಳು ಇಲ್ಲದಾಗ ಬೇರೊಬ್ಬಳ ಸಹವಾಸ ಮಾಡಿದ ಗಂಡನನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗಬೇಕಾಗುತ್ತದೆ.

ನೋಡಿ, ಅವಳದು ಕಾಯಿಲೆ, ಅವನದು ತಪ್ಪು. ಆದರೂ ಕ್ಷಮೆ ಸಿಕ್ಕಿದ್ದು ಅವನಿಗೆ, ಶಿಕ್ಷೆ ಆದದ್ದು ಅವಳಿಗೆ. (ಬಾಣಂತಿಯರಲ್ಲಿ ಸಾವಿರಕ್ಕೆ ಒಬ್ಬಿಬ್ಬರಿಗೆ ಇಂಥ ಕಾಯಿಲೆ ಬರುತ್ತದೆ. ಬಂದ ಕೂಡಲೇ ಡಾಕ್ಟರಿಗೆ ತೋರಿಸಿದರೆ ವಾಸಿಯಾಗುತ್ತದೆ. ಗಾಳಿ ಸೋಕಿತು, ದೃಷ್ಟಿಯಾಯಿತು ಅಂತ ಯಾರೂ ಹೊತ್ತು ಕಳೆಯಬಾರದು.)

ಎರಡೂ ಚಿತ್ರಗಳನ್ನು ಜೊತೆಗಿಟ್ಟು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಕ್ಷಮಿಸು, ಹೊಂದಿಕೊಂಡು ಹೋಗು ಅಂತ ನಾವು ಹೇಳುವುದು ಯಾರಿಗೆ? ಮಗಳಿಗೆ, ಸೊಸೆಗೆ, ತಂಗಿಗೆ. ಅಳಿಯನನ್ನು ಕೂರಿಸಿಕೊಂಡು, "ನೀನು ಏನು ಸರಿಪಡಿಸುತ್ತೀಯಪ್ಪ?" ಅಂತ ಕೇಳುವ ಹಿರಿಯರು ಎಷ್ಟು ಜನ?

ಮನೆ ಮುರಿಯಿರಿ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಇಂದಿರಾಗೆ ಇನ್ನೂ ಮದುವೆಯಾಗಿರಲಿಲ್ಲ, ದಾರಿ ತೆರೆದಿತ್ತು. ಮಕ್ಕಳಿರುವ ಮನೆಯ ಲೆಕ್ಕವೇ ಬೇರೆ. ಎಡವಿದ ಗಂಡ ತಿದ್ದಿಕೊಂಡು, ಸಂಸಾರ ಮತ್ತೆ ಚೆನ್ನಾಗಿ ನಡೆಯುವುದೂ ಉಂಟು. ಆದರೆ ಅಲ್ಲಿಯೂ ಮೊದಲ ಹೆಜ್ಜೆ ತಪ್ಪು ಮಾಡಿದವನದೇ ಆಗಿರಬೇಕು. ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಂಡನೇ? ಅದಕ್ಕೆ ಹೆಂಡತಿಯನ್ನೇ ಕಾರಣ ಮಾಡುವುದನ್ನು ಬಿಟ್ಟನೇ? ನಡತೆಯಲ್ಲಿ ಬದಲಾವಣೆ ಕಾಣುತ್ತಿದೆಯೇ? ಅವಳಿಗೆ ಯೋಚಿಸಲು ಸಮಯ ಕೊಟ್ಟನೇ? ಇಷ್ಟನ್ನು ನೋಡಿಕೊಂಡು ಆಮೇಲೆ ಅವಳ ಮುಂದೆ ಕ್ಷಮೆಯ ಮಾತೆತ್ತಿ.

ಮುಂದಿನ ಸಲ ನಿಮ್ಮ ಬಳಗದ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡು, "ಅವರ ಮೇಲೆ ನನಗೆ ಸಿಟ್ಟಿಲ್ಲ ಚಿಕ್ಕಮ್ಮ, ಆದರೆ ಆ ಮನೆಗೆ ಹೋಗೋಕೆ ಮನಸ್ಸಿಲ್ಲ" ಅಂದರೆ, ಅವಳದು ಕಲ್ಲು ಮನಸ್ಸು ಅಂತ ತೀರ್ಮಾನ ಮಾಡಬೇಡಿ. ಅವಳು ಕ್ಷಮಿಸಿಯಾಗಿದೆ. ಉಳಿದದ್ದನ್ನು ತೀರ್ಮಾನಿಸುವ ಹಕ್ಕು ಅವಳದೇ. ಒಂದು ಲೋಟ ಕಾಫಿ ಕೊಟ್ಟು, ಅವಳ ಪಕ್ಕದಲ್ಲಿ ಕೂತುಕೊಳ್ಳಿ.